ಗಾಳಿಮಳೆಗೆ ಮಾಡು ಹಾಳಾದರೆ: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ಹೆಂಚಿನ ಮನೆ. ಪಕ್ಕದಲ್ಲಿ ಶೀಟು ಹೊದಿಸಿದ ಕೊಟ್ಟಿಗೆ ಇದೆ. ತಮ್ಮ ಶಿವಮೊಗ್ಗದಲ್ಲಿ ಕಟ್ಟಿಸಿದ್ದು ತಾರಸಿ ಮನೆ. ಹೀಗಾಗಿ ಮೂರೂ ಬಗೆಯ ಮಾಡಿನ (ಛಾವಣಿಯ) ಸೋರಿಕೆ, ರಿಪೇರಿ, ಖರ್ಚು ಎಲ್ಲವನ್ನೂ ಹತ್ತಿರದಿಂದ ಕಂಡಿದ್ದೇನೆ. ಪ್ರತಿ ಮಳೆಗಾಲ ನೆಂಟರು, ಅಕ್ಕಪಕ್ಕದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಹಾರಿಹೋದ ಹೆಂಚು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದನ್ನು ಹಿಡಿದುಕೊಳ್ಳಲಾಗದ ರೀಪು, ಅಂದರೆ ಹೆಂಚು ಕೂರುವ ಅಡ್ಡ ಮರದ ಪಟ್ಟಿ, ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ.

ರಾತ್ರಿ ಗಾಳಿಗೆ ಹೆಂಚು ಹಾರಿಹೋಗಿದೆ. ಬೆಳಿಗ್ಗೆ ಮೊದಲು ಏನು ಮಾಡಬೇಕು?

ಏಣಿ ಹುಡುಕಬೇಡಿ. ಮೊದಲು ಅಂಗಳಕ್ಕೆ ಬಂದು ತಲೆ ಎತ್ತಿ ನೋಡಿ. ಕರೆಂಟ್ ತಂತಿ ಹರಿದು ಬಿದ್ದಿದೆಯಾ? ಮಾಡಿನ ಮೇಲೆ, ತಗಡಿನ ಮೇಲೆ, ಬೇಲಿಯ ಮೇಲೆ ತಂತಿ ತಾಗಿದೆಯಾ? ಹಾಗಿದ್ದರೆ ಹತ್ತಿರ ಹೋಗಬೇಡಿ, ದನಕರುಗಳನ್ನೂ ಬಿಡಬೇಡಿ. 1912ಕ್ಕೆ ಫೋನ್ ಮಾಡಿ ಮೆಸ್ಕಾಂ ಅಥವಾ ನಿಮ್ಮ ಕಡೆಯ ವಿದ್ಯುತ್ ಕಂಪನಿಯವರಿಗೆ ತಿಳಿಸಿ. ಒಳಗೆ ಸ್ವಿಚ್ ಬೋರ್ಡಿನ ಮೇಲೆ ನೀರು ಇಳಿದಿದ್ದರೆ, ಒಣ ನೆಲದ ಮೇಲೆ ನಿಂತು ಮೇನ್ ಸ್ವಿಚ್ ಆಫ್ ಮಾಡಿ. ಮೇನ್ ಸ್ವಿಚ್ಚೇ ಒದ್ದೆಯಾಗಿದ್ದರೆ ಮುಟ್ಟಬೇಡಿ.

ಆಮೇಲೆ ಫೋಟೋ ತೆಗೆಯಿರಿ. ಹೊರಗಿನಿಂದ ನಾಲ್ಕೂ ದಿಕ್ಕಿಗೆ ಒಂದೊಂದು, ಒಳಗೆ ಪ್ರತಿ ಕೋಣೆಯದ್ದು, ಒಡೆದ ಹೆಂಚಿನ ರಾಶಿಯದ್ದು, ನೆನೆದ ಹಾಸಿಗೆ, ಅಕ್ಕಿ ಚೀಲ, ಟಿವಿ ಎಲ್ಲದರದ್ದೂ ಇರಲಿ. ಗುಡಿಸಿ ಚೊಕ್ಕ ಮಾಡುವ ಮೊದಲೇ ತೆಗೆಯಬೇಕು. ನಮ್ಮಲ್ಲಿ ಹೆಂಗಸರು ಬೆಳಿಗ್ಗೆ ಎದ್ದ ಕೂಡಲೇ ಅಂಗಳ ಗುಡಿಸಿಬಿಡುತ್ತಾರೆ. ಅವತ್ತೊಂದು ದಿನ ಅರ್ಧ ಗಂಟೆ ತಡೆಯಿರಿ. ಪರಿಹಾರಕ್ಕೂ ವಿಮೆಗೂ ಆ ಫೋಟೋಗಳೇ ಆಧಾರ.

ಮಳೆ ಇನ್ನೂ ನಿಂತಿಲ್ಲ. ಟರ್ಪಾಲ್ ಕಟ್ಟುವುದು ಹೇಗೆ?

ಹೆಚ್ಚಿನವರು ಎಡವುವುದು ಇಲ್ಲೇ. ತೂತು ಇರುವ ಜಾಗಕ್ಕೆ ಮಾತ್ರ ಟರ್ಪಾಲ್ ಹಾಸಿ, ನಾಲ್ಕು ಕಲ್ಲು ಹೇರಿ ಇಳಿಯುತ್ತಾರೆ. ಮೇಲಿನಿಂದ ಹರಿದು ಬರುವ ನೀರು ಟರ್ಪಾಲಿನ ಮೇಲಂಚಿನ ಅಡಿಗೆ ನುಗ್ಗಿ ಮನೆಯೊಳಗೇ ಬೀಳುತ್ತದೆ. ಮುಂದಿನ ಗಾಳಿಗೆ ಕಲ್ಲು ಉರುಳಿ ಕೆಳಗಿರುವವರ ತಲೆ ಮೇಲೆ ಬರುತ್ತದೆ.

ಟರ್ಪಾಲ್ ಮಾಡಿನ ನೆತ್ತಿಯನ್ನು ದಾಟಿ ಆಚೆ ಕಡೆಗೆ ಮೂರ್ನಾಲ್ಕು ಅಡಿ ಇಳಿಯಬೇಕು. ಆಗ ಮೇಲಂಚಿನಿಂದ ನೀರು ಒಳಗೆ ಹೋಗಲು ದಾರಿಯೇ ಇರುವುದಿಲ್ಲ. ಕೆಳಗಿನ ಅಂಚನ್ನು ಒಂದು ಉದ್ದ ರೀಪಿಗೋ ಅಡಿಕೆ ದಬ್ಬೆಗೋ ಎರಡು ಸುತ್ತು ಸುತ್ತಿ, ಆ ದಬ್ಬೆಯನ್ನು ಸೂರಿನ ಕೆಳಗಿನ ಪಕಾಸಿಗೆ (ರೀಪನ್ನು ಹೊರುವ ಇಳಿಜಾರು ಮರಕ್ಕೆ) ಹಗ್ಗದಿಂದ ಬಿಗಿಯಿರಿ. ಹೆಂಚಿಗೆ ಕಟ್ಟಬೇಡಿ. ಟರ್ಪಾಲಿನ ತೂತಿಗೆ ನೇರವಾಗಿ ಹಗ್ಗ ಹಾಕಿದರೂ ಗಾಳಿಗೆ ತೂತೇ ಕಿತ್ತು ಬರುತ್ತದೆ. ಭಾರ ಬೇಕೇ ಬೇಕು ಅನ್ನಿಸಿದರೆ ಎರಡು ಮರಳಿನ ಚೀಲಗಳನ್ನು ಒಂದೇ ಹಗ್ಗದ ಎರಡು ತುದಿಗೆ ಕಟ್ಟಿ, ನೆತ್ತಿಯ ಆಚೆಗೊಂದು ಈಚೆಗೊಂದು ಬರುವಂತೆ ಇಳಿಬಿಡಿ. ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಜಾರುವುದಿಲ್ಲ.

ಇನ್ನೊಂದು ಮಾತು. ಇರುವುದು ಒಂದೇ ಟರ್ಪಾಲ್, ಅದೂ ಚಿಕ್ಕದು ಅಂದರೆ, ಕೋಣೆಯ ಸಾಮಾನಿಗಿಂತ ಮೊದಲು ಗೋಡೆಯ ತಲೆಯನ್ನು ಮುಚ್ಚಿ. ಮಣ್ಣಿನ ಗೋಡೆಯಾಗಿದ್ದರಂತೂ ಇದು ಜೀವದ ಪ್ರಶ್ನೆ. ಸಾಮಾನನ್ನು ಪಕ್ಕದ ಕೋಣೆಗೆ ಸಾಗಿಸಬಹುದು. ತಲೆಯಿಂದ ನೀರು ಕುಡಿದ ಗೋಡೆ ಎರಡು ಮೂರು ದಿನ ಸುಮ್ನೆ ನಿಂತಿರುತ್ತದೆ, ಆಮೇಲೆ ಒಂದು ರಾತ್ರಿ ಕುಸಿಯುತ್ತದೆ. ಮಾಡು ಹೋದ ಕೋಣೆಯ ಮಣ್ಣಿನ ಗೋಡೆಯ ಪಕ್ಕದಲ್ಲಿ, ಬಿಸಿಲು ಬಂದು ಗೋಡೆ ಪೂರ್ತಿ ಒಣಗುವ ತನಕ ಯಾರೂ ಮಲಗಬೇಡಿ.

ನಾನೇ ಮಾಡು ಹತ್ತಬಹುದೇ?

ಅಭ್ಯಾಸ ಇಲ್ಲದಿದ್ದರೆ ಬೇಡ. ಪಾಚಿ ಹಿಡಿದ ಒದ್ದೆ ಹೆಂಚು ಸೋಪು ಸವರಿದ ಹಾಗೆ ಜಾರುತ್ತದೆ. ಹತ್ತಲೇಬೇಕಾದರೆ ಮಳೆ ಪೂರ್ತಿ ನಿಂತ ಮೇಲೆ ಹತ್ತಿ. ಸೊಂಟಕ್ಕೆ ಹಗ್ಗ ಇರಲಿ, ಏಣಿ ಹಿಡಿಯಲು ಕೆಳಗೊಬ್ಬರು ಇರಲಿ. ಏಣಿ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಗೋಡೆಯಿಂದ ದೂರ ನಿಲ್ಲಬೇಕು. ಕಾಲನ್ನು ಹೆಂಚಿನ ನಡುವೆ ಇಡಬಾರದು. ಕೆಳಗೆ ರೀಪು ಇರುವ ಕಡೆ, ಅಂದರೆ ಒಂದು ಹೆಂಚಿನ ಮೇಲೆ ಇನ್ನೊಂದು ಕೂರುವ ಸಾಲಿನ ಮೇಲೆ ಇಡಬೇಕು.

ಸಿಮೆಂಟ್ ಶೀಟಿನ ಮೇಲೆ ಮಾತ್ರ ಯಾರೂ, ಯಾವತ್ತೂ ಕಾಲಿಡಬೇಡಿ. ಹಳೇ ಶೀಟು ಗಟ್ಟಿ ಇದ್ದಂತೆ ಕಾಣುತ್ತದೆ, ಕಾಲಿಟ್ಟ ಕ್ಷಣ ಮುರಿದು ಆಳು ಕೆಳಗೆ ಬೀಳುತ್ತಾರೆ. ಉದ್ದನೆಯ ಹಲಗೆಯನ್ನು ಶೀಟಿನ ಕೆಳಗೆ ಅಡ್ಡಕ್ಕೆ ಇರುವ ಎರಡು ಅಡ್ಡೆಗಳ ಮೇಲೆ ಭಾರ ಬೀಳುವಂತೆ ಹಾಕಿ, ಅದರ ಮೇಲೆಯೇ ಓಡಾಡಬೇಕು.

ಹೋಗಿದ್ದು ಹತ್ತೇ ಹೆಂಚು. ಹತ್ತು ಹಾಕಿಸಿದರೆ ಸಾಲದೇ?

ನಾವೂ ಹಾಗೆಯೇ ಅಂದುಕೊಂಡಿದ್ದೆವು. ಮೇ ತಿಂಗಳ ಒಂದು ಸಂಜೆ ಗಾಳಿಗೆ ನೈರುತ್ಯ ಮೂಲೆಯ ಹನ್ನೊಂದು ಹೆಂಚು ಬಿದ್ದವು. ಅಟ್ಟದಲ್ಲಿ ಹಳೇ ಹೆಂಚು ಇತ್ತು. ಅಪ್ಪಯ್ಯ ಮಾರನೇ ದಿನವೇ ಹಾಕಿಸಿದರು, ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಜುಲೈನಲ್ಲಿ ಅದೇ ಮೂಲೆ ಮತ್ತೆ ಹೋಯಿತು. ಈ ಸಲ ಹೆಂಚಿನ ಜೊತೆ ರೀಪೂ ಕಿತ್ತು ಬಂತು. ಮರಗೆಲಸದ ಆಚಾರ್ರು ಬಂದು ಪಕಾಸಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಬೆರಳು ಒಳಗೆ ಹೋಯಿತು. ಹೊರಗಿನಿಂದ ನೋಡಿದರೆ ಎಣ್ಣೆ ಬಳಿದ ಚೆಂದದ ಮರ. ಒಳಗೆ ಪೂರ್ತಿ ಕೊಳೆತು ಕುಂಬು. ಸೂರಿನ ಹತ್ತಿರ ಒಂದು ಹೆಂಚು ಸರಿದು ಎಷ್ಟೋ ಮಳೆಗಾಲದಿಂದ ಅಲ್ಲಿ ನೀರು ಇಳಿಯುತ್ತಿತ್ತು. ಕೋಣೆಯೊಳಗೆ ಒಂದು ಹನಿಯೂ ಬಿದ್ದಿರಲಿಲ್ಲ, ಹಾಗಾಗಿ ನಮಗೆ ಗೊತ್ತೇ ಆಗಿರಲಿಲ್ಲ.

ಅದಕ್ಕೇ ಹೇಳುವುದು, ಹತ್ತು ಹೆಂಚು ಹೋಗಿದ್ದರೆ ಅದರ ಸುತ್ತಲಿನ ಮೂರು ಸಾಲು ಹೆಂಚು ಇಳಿಸಿ ನೋಡಿ. ರೀಪಿಗೆ ಚಾಕುವಿನ ತುದಿ ಚುಚ್ಚಿ. ಸುಲಭವಾಗಿ ಇಳಿದರೆ ಆ ರೀಪು ಬದಲಾಗಲೇಬೇಕು. ಒರಲೆ (ಗೆದ್ದಲು) ಹತ್ತಿದ ಮಣ್ಣಿನ ಗೆರೆ ಇದೆಯಾ, ಮೊಳೆ ತುಕ್ಕು ಹಿಡಿದು ಸಡಿಲವಾಗಿದೆಯಾ, ಪಕಾಸು ಗೋಡೆಯ ಮೇಲೆ ಕೂರುವ ಕಡೆ ಒದ್ದೆ ಇದೆಯಾ ನೋಡಿ. ಕುಂಬಾದ ರೀಪಿನ ಮೇಲೆ ಹೊಸ ಹೆಂಚು ಹೊದಿಸುವುದು ಹೆಂಚನ್ನೂ ಕೂಲಿಯನ್ನೂ ಎರಡು ಸಲ ಕೊಟ್ಟಂತೆ.

ಸೂರಿನ ಕೊನೆಯ ಸಾಲು, ಎರಡೂ ಬದಿಯ ಅಂಚು, ನೆತ್ತಿಯ ಹೆಂಚು. ಗಾಳಿ ಮೊದಲು ಕೈ ಹಾಕುವುದು ಈ ಮೂರಕ್ಕೆ. ಮಂಗಳೂರು ಹೆಂಚಿನ ಹಿಂಬದಿಯಲ್ಲಿ ರೀಪಿಗೆ ಕಚ್ಚಿಕೊಳ್ಳಲು ಒಂದು ಉಬ್ಬು ಇರುತ್ತದೆ, ಹಲವು ಹೆಂಚುಗಳಲ್ಲಿ ಅದಕ್ಕೊಂದು ಸಣ್ಣ ತೂತೂ ಇರುತ್ತದೆ. ತೂತು ಇರುವುದೇ ತಂತಿ ಪೋಣಿಸಿ ರೀಪಿಗೆ ಬಿಗಿಯಲು. ಅಂಚಿನ ಸಾಲುಗಳಿಗಾದರೂ ಈ ತಂತಿ ಕಟ್ಟಿಸಿ. ಕೆಲಸದವರು "ಯಾಕೆ ಸುಮ್ನೆ" ಅನ್ನಬಹುದು. ಅರ್ಧ ದಿನದ ಕೂಲಿ ಜಾಸ್ತಿ ಆಗುತ್ತದೆ, ಆಗಲಿ.

ನಮ್ಮ ಹಳೇ ಹೆಂಚಿಗೆ ಜೋಡಿ ಸಿಗುತ್ತಿಲ್ಲ. ಬೇರೆ ಕಂಪನಿಯದ್ದು ಹಾಕಬಹುದೇ?

ಬಾಸೆಲ್ ಮಿಶನ್‌ನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿ ದಂಡೆಯ ಮೇಲೆ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಕರಾವಳಿ ಉದ್ದಕ್ಕೂ ಎಷ್ಟೋ ಕಾರ್ಖಾನೆಗಳು ಬಂದವು. ಪ್ರತಿಯೊಬ್ಬರ ಅಚ್ಚೂ ಕೂದಲೆಳೆಯಷ್ಟು ಬೇರೆ. ನೋಡಲು ಒಂದೇ ಥರ ಇದ್ದರೂ ಒಬ್ಬರ ಹೆಂಚಿನ ಗಾಡಿಗೆ, ಅಂದರೆ ಉದ್ದಕ್ಕೆ ಕೊರೆದ ತೋಡಿಗೆ, ಇನ್ನೊಬ್ಬರ ಹೆಂಚು ಸರಿಯಾಗಿ ಕೂರುವುದಿಲ್ಲ. ಸಂದಿ ಉಳಿಯುತ್ತದೆ, ಎರಚಲು ಒಳಗೆ ಬರುತ್ತದೆ.

ಒಂದು ಹೆಂಚು ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಆ ಹೆಸರಿನ ಫೋಟೋ ಇಟ್ಟುಕೊಂಡು ಹಳೇ ಮನೆ ಕೆಡವುವ ಕಡೆ ವಿಚಾರಿಸಿ. ಹಳೇ ಹೆಂಚು, ಹಳೇ ಮರ ಮಾರುವ ಅಂಗಡಿಗಳು ಬಹಳ ಊರುಗಳಲ್ಲಿ ಇವೆ. ಕೊಳ್ಳುವಾಗ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ. ಠಣ್ ಎಂದರೆ ಗಟ್ಟಿ. ಬದ್ದ್ ಎಂದರೆ ಕಾಣದ ಬಿರುಕು ಇದೆ, ಬಿಟ್ಟುಬಿಡಿ.

ಎಲ್ಲೂ ಸಿಗದಿದ್ದರೆ ನಾನು ಹೀಗೆ ಮಾಡುತ್ತೇನೆ. ಹಿತ್ತಲಿನ ಕಡೆಯ ಒಂದು ಮಾಡನ್ನು ಪೂರ್ತಿ ಇಳಿಸಿ, ಅಲ್ಲಿಯ ಹಳೇ ಹೆಂಚನ್ನು ಮುಖ್ಯ ಮನೆಗೆ ಬಳಸುವುದು. ಖಾಲಿಯಾದ ಆ ಮಾಡಿಗೆ ಹೊಸ ಹೆಂಚು, ಅದರ ಅಳತೆಗೆ ತಕ್ಕಂತೆ ರೀಪಿನ ಅಂತರ. ಒಂದೇ ಮಾಡಿನಲ್ಲಿ ಎರಡು ಜಾತಿ ಬೆರೆಸುವುದಕ್ಕಿಂತ ಇದು ಎಷ್ಟೋ ಮೇಲು.

ಒಂದು ಹೆಂಚೂ ಒಡೆದಿಲ್ಲ, ಆದರೂ ಸೋರುತ್ತಿದೆ. ಯಾಕೆ?

ಹೆಚ್ಚಾಗಿ ದರಗು ಕಾರಣ. ಹೆಂಚಿನ ಗಾಡಿಯಲ್ಲಿ ಎಲೆ, ಪಾಚಿ ತುಂಬಿ ನೀರು ಹರಿಯುವ ದಾರಿ ಕಟ್ಟುತ್ತದೆ, ನೀರು ಅಡ್ಡಕ್ಕೆ ಉಕ್ಕುತ್ತದೆ. ಎರಡು ಮಾಡು ಸೇರುವ ಕಡೆ ಹಾಕಿದ ತಗಡಿನ ದೋಣಿ ತುಕ್ಕು ಹಿಡಿದು ಸೂಜಿ ಮೊನೆಯಷ್ಟು ತೂತಾಗಿದ್ದರೂ ಹೀಗೆಯೇ. ಹಗಲು ಹೊತ್ತಿನಲ್ಲಿ ಅಟ್ಟ ಹತ್ತಿ, ದೀಪ ಆರಿಸಿ ಸುಮ್ಮನೆ ಕೂತು ಮೇಲೆ ನೋಡಿ. ಬೆಳಕಿನ ಚುಕ್ಕಿ ಕಂಡಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ನೀರು ತೊಟ್ಟಿಕ್ಕುವ ಜಾಗವೇ ತೂತಿನ ಜಾಗ ಅಂದುಕೊಳ್ಳಬೇಡಿ. ಅದು ಪಕಾಸಿನ ಗುಂಟ ಹರಿದು ಬಂದು ಎಲ್ಲೋ ಕೆಳಗೆ ಬೀಳುತ್ತಿರುತ್ತದೆ.

ಶೀಟಿನ ಮಾಡು ಯಾಕೆ ಇಡಿಯಾಗಿ ಹಾರಿಹೋಗುತ್ತದೆ?

ಗಾಳಿ ಮಾಡನ್ನು ತಳ್ಳುತ್ತದೆ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಅದು ಮಾಡನ್ನು ಮೇಲಕ್ಕೆ ಹೀರುತ್ತದೆ. ಮಾಡಿನ ಮೇಲೆ ವೇಗವಾಗಿ ಗಾಳಿ ಹಾದುಹೋದಾಗ ಮೇಲ್ಭಾಗದ ಒತ್ತಡ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ತೆರೆದ ಬಾಗಿಲಿನಿಂದ ನುಗ್ಗಿದ ಗಾಳಿ ಕೆಳಗಿನಿಂದ ಎತ್ತುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಬಲ ನಾಲ್ಕು ಪಟ್ಟಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಕಟ್ಟಡಗಳ ಲೆಕ್ಕಕ್ಕೆ ಹಿಡಿಯಬೇಕಾದ ಮೂಲ ಗಾಳಿವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. ಅಂದರೆ ಗಂಟೆಗೆ ಸುಮಾರು 119 ಮತ್ತು 140 ಕಿ.ಮೀ. ಹೆಂಚು ಭಾರಕ್ಕೆ ಒಂದಿಷ್ಟು ತಡೆಯುತ್ತದೆ. ಶೀಟಿಗೆ ಆ ಭಾರವಿಲ್ಲ, ಅದು ನಿಂತಿರುವುದು ಸ್ಕ್ರೂವಿನ ಹಿಡಿತದಿಂದ ಮಾತ್ರ.

ಈಗ ತಾರಸಿಯ ಮೇಲೆ ನಾಲ್ಕು ಕಂಬ ನಿಲ್ಲಿಸಿ ಶೀಟು ಹೊದಿಸುವುದು ಊರೂರಲ್ಲೂ ಇದೆ. ಬಟ್ಟೆ ಒಣಗಿಸಲು, ಅಡಿಕೆ ಹರಡಲು ಅನುಕೂಲವೇನೋ ನಿಜ. ಆದರೆ ನಾಲ್ಕೂ ಬದಿ ತೆರೆದಿರುವುದರಿಂದ ಅದು ದೊಡ್ಡ ಕೊಡೆಯಂತೆ. ಕಂಬವನ್ನು ಬರೀ ಪ್ಯಾರಾಪೆಟ್ ಇಟ್ಟಿಗೆಯಲ್ಲಿ ಹುಗಿದು ಸಿಮೆಂಟ್ ಮೆತ್ತಿದರೆ ಒಂದು ದಿನ ಇಟ್ಟಿಗೆ ಸಮೇತ ಏಳುತ್ತದೆ, ಪಕ್ಕದ ಮನೆಯವರ ಮೇಲೆ ಬೀಳುತ್ತದೆ. ಕಂಬದ ಬುಡಕ್ಕೆ ಕಬ್ಬಿಣದ ಪ್ಲೇಟ್ ಬೆಸುಗೆ ಹಾಕಿಸಿ, ಆ ಪ್ಲೇಟನ್ನು ಕಾಂಕ್ರೀಟಿನ ಬೀಮಿಗೆ ಆ್ಯಂಕರ್ ಬೋಲ್ಟಿನಿಂದ ಕಚ್ಚಿಸಬೇಕು. ಕಂಬದಿಂದ ಕಂಬಕ್ಕೆ ಓರೆ ಪಟ್ಟಿ ಇರಬೇಕು.

ರಿಪೇರಿ ಮಾಡಿಸುವಾಗ ಸ್ಕ್ರೂಗಳನ್ನು ಒಂದೊಂದಾಗಿ ನೋಡಿ. ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಒಡೆದಿದ್ದರೆ ನೀರೂ ಇಳಿಯುತ್ತದೆ, ಹಿಡಿತವೂ ಹೋಗುತ್ತದೆ. ಹಳೇ ತೂತು ಅಗಲವಾಗಿದ್ದರೆ ಅದೇ ಅಳತೆಯ ಹೊಸ ಸ್ಕ್ರೂ ಪ್ರಯೋಜನವಿಲ್ಲ, ದಪ್ಪದ್ದು ಬೇಕು. ಅಲೆಯ ಶೀಟಿಗೆ ಸ್ಕ್ರೂ ಉಬ್ಬಿನ ಮೇಲೆ ಬರಬೇಕು, ನೀರು ಹರಿಯುವ ತಗ್ಗಿನಲ್ಲಿ ಅಲ್ಲ. ಅಂಚಿನಲ್ಲಿ, ಮೂಲೆಯಲ್ಲಿ ಉಳಿದ ಕಡೆಗಿಂತ ಒತ್ತಾಗಿ ಹಾಕಿಸಿ. ಮಡಚಿ ಹೋದ ಶೀಟನ್ನು ಬಡಿದು ನೇರ ಮಾಡಿ ಮತ್ತೆ ಹೊದಿಸಬೇಡಿ, ಮಡಿಕೆ ಬಿದ್ದಲ್ಲೇ ತುಕ್ಕು ಶುರುವಾಗುತ್ತದೆ.

ಹಳೇ ಸಿಮೆಂಟ್ ಶೀಟು ಒಡೆದಿದೆ. ಚೂರುಗಳನ್ನು ಏನು ಮಾಡಬೇಕು?

ಹಳೇ ಸಿಮೆಂಟ್ ಶೀಟಿನಲ್ಲಿ ಸಾಮಾನ್ಯವಾಗಿ ಕಲ್ನಾರು ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಕ್ಯಾನ್ಸರಿಗೂ ಕಾರಣವಾಗುತ್ತದೆ. ಚೂರುಗಳ ಮೇಲೆ ನೀರು ಚಿಮುಕಿಸಿ, ಮೂಗಿಗೆ ಒಳ್ಳೆಯ ಮಾಸ್ಕ್ ಹಾಕಿ ಎತ್ತಿ. ಒಣಗಿದ್ದನ್ನು ಗುಡಿಸಬೇಡಿ, ಗರಗಸ ಹಾಕಬೇಡಿ, ಪುಡಿ ಮಾಡಿ ದಾರಿಯ ಗುಂಡಿಗೆ ತುಂಬಬೇಡಿ. ಮಕ್ಕಳನ್ನು ದೂರ ಇಡಿ.

ತಾರಸಿ ಮನೆಗೂ ಗಾಳಿಮಳೆಗೂ ಏನು ಸಂಬಂಧ? ನಮ್ಮಲ್ಲಿ ಸೀಲಿಂಗ್ ತೊಟ್ಟಿಕ್ಕುತ್ತಿದೆ.

ಗಾಳಿಗೆ ಬಂದ ಎಲೆ, ಪ್ಲಾಸ್ಟಿಕ್ ಕವರ್ ನೀರು ಹೋಗುವ ಪೈಪಿನ ಬಾಯಿ ಮುಚ್ಚುತ್ತವೆ. ತಾರಸಿ ಕೆರೆಯಾಗುತ್ತದೆ. ನಿಂತ ನೀರು ಎಲ್ಲಿ ಸಣ್ಣ ಬಿರುಕು ಇದೆಯೋ ಅಲ್ಲಿ ಇಳಿಯುತ್ತದೆ. ಮೊದಲು ಪೈಪಿನ ಬಾಯಿ ಬಿಡಿಸಿ, ಜಾಲರಿ ಹಾಕಿ. ಬಹಳ ಸಲ ಅಷ್ಟಕ್ಕೇ ಸೋರಿಕೆ ಅರ್ಧ ನಿಲ್ಲುತ್ತದೆ.

ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆ, ನೀರಿನ ಟ್ಯಾಂಕಿನ ಬುಡ, ಪೈಪು ಹಾದುಹೋದ ತೂತು. ಸೋರಿಕೆ ಹೆಚ್ಚಾಗಿ ಇವುಗಳಲ್ಲೇ ಇರುತ್ತದೆ. ಮಳೆಗಾಲದ ನಡುವೆ ಬಂದು ಒದ್ದೆ ಕಾಂಕ್ರೀಟಿನ ಮೇಲೆ ವಾಟರ್‌ಪ್ರೂಫಿಂಗ್ ಬಳಿದುಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ಬಹುತೇಕ ಲೇಪಗಳು ಒಣಗಿದ, ಧೂಳಿಲ್ಲದ ಮೈಗೇ ಹಿಡಿಯುವುದು. ಬೇಸಿಗೆಯಲ್ಲಿ ಮಾಡಿಸಿ, ಮುಗಿದ ಮೇಲೆ ಪೈಪಿನ ಬಾಯಿ ಕಟ್ಟಿ 24 ಗಂಟೆಯಾದರೂ ನೀರು ನಿಲ್ಲಿಸಿ, ಕೆಳಗೆ ಸೀಲಿಂಗ್ ನೋಡಿದ ಮೇಲೆಯೇ ಕೊನೆಯ ಕಂತು ಕೊಡಿ.

ಸೀಲಿಂಗಿನ ಗಾರೆ ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ ಅದು ಸೋರಿಕೆಯ ಹಂತ ದಾಟಿದೆ. ಇಂಜಿನಿಯರ್ ಒಬ್ಬರಿಗೆ ತೋರಿಸಿ.

ಸರ್ಕಾರದಿಂದ ಪರಿಹಾರ ಎಷ್ಟು? ಯಾರಿಗೆ ಹೇಳಬೇಕು?

ಗ್ರಾಮ ಆಡಳಿತ ಅಧಿಕಾರಿಗೆ, ಅಂದರೆ ಮೊದಲು ಗ್ರಾಮ ಲೆಕ್ಕಿಗರು ಎನ್ನುತ್ತಿದ್ದವರಿಗೆ, ಅದೇ ದಿನ ತಿಳಿಸಿ. ಪಂಚಾಯಿತಿಗೂ ಹೇಳಿ. ಫೋನಿನಲ್ಲಿ ಹೇಳಿದರೂ ಒಂದು ಅರ್ಜಿ ಬರೆದು ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಜೊತೆಗೆ ಫೋಟೋ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಮನೆಯ ದಾಖಲೆ ಇರಲಿ. ಅವರು ಬಂದು ನೋಡಿ ಹಾನಿ ಎಷ್ಟು ಎಂದು ಬರೆದುಕೊಳ್ಳುತ್ತಾರೆ. ಬರೆದದ್ದನ್ನು ಓದಿಸಿ ಕೇಳದೆ ಸಹಿ ಹಾಕಬೇಡಿ.

ಕೇಂದ್ರ ಸರ್ಕಾರ 2022ರಿಂದ 2026ರವರೆಗಿನ ಅವಧಿಗೆ ಹೊರಡಿಸಿದ ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿಯಲ್ಲಿ, ಪೂರ್ತಿ ಅಥವಾ ತೀವ್ರವಾಗಿ ಹಾಳಾದ ಮನೆಗೆ ಬಯಲು ಪ್ರದೇಶದಲ್ಲಿ 1,20,000 ರೂಪಾಯಿ, ಗುಡ್ಡಗಾಡಿನಲ್ಲಿ 1,30,000 ರೂಪಾಯಿ ಇದೆ. ಕನಿಷ್ಠ ಶೇ. 15ರಷ್ಟು ಭಾಗಶಃ ಹಾನಿಯಾದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಗುಡಿಸಲಿಗೆ 8,000. ಮನೆಗೆ ಸೇರಿದ ಕೊಟ್ಟಿಗೆಗೆ 3,000. ರಾಜ್ಯ ಸರ್ಕಾರ ಕೆಲವು ವರ್ಷ ಇದಕ್ಕೆ ತನ್ನ ಕಡೆಯಿಂದ ಸೇರಿಸಿಕೊಟ್ಟಿದೆ. 2019ರ ಪ್ರವಾಹದಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷದವರೆಗೆ ಘೋಷಿಸಿತ್ತು. ನಿಮ್ಮ ಮನೆಗೆ ಹಾನಿಯಾದ ವರ್ಷದ ಆದೇಶ ಏನಿದೆ ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳಿ ತಿಳಿಯಿರಿ.

6,500 ರೂಪಾಯಿಗೆ ಇವತ್ತು ಒಂದು ಮಾಡಿನ ರೀಪೂ ಬದಲಾಗುವುದಿಲ್ಲ. ಬಡವರ ಮನೆಗೆ ಇದು ಸಾಲದು ಎಂದು ನನಗೆ ಪ್ರತಿ ವರ್ಷ ಅನ್ನಿಸುತ್ತದೆ. ಆದರೂ ಅರ್ಜಿ ಕೊಡದೆ ಬಿಡಬೇಡಿ.

ಮನೆಗೆ ವಿಮೆ ಇದ್ದರೆ ಗಾಳಿ ಹಾನಿಗೆ ಸಿಗುತ್ತದೆಯೇ?

2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳೆಲ್ಲ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ಕೊಡುತ್ತಿವೆ. ಬಿರುಗಾಳಿ, ಚಂಡಮಾರುತ, ನೆರೆ, ಸಿಡಿಲು, ಮರ ಬಿದ್ದು ಆಗುವ ಹಾನಿ ಅದರಲ್ಲಿ ಸೇರುತ್ತವೆ. ಮನೆಯ ಸಾಮಾನಿಗೂ ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ತಾನಾಗಿಯೇ ರಕ್ಷಣೆ ಇರುತ್ತದೆ. ಹಳೆಯದಾಗಿ ಸೋರುವುದಕ್ಕೆ, ತುಕ್ಕಿಗೆ, ಒರಲೆಗೆ ಸಿಗುವುದಿಲ್ಲ. ಗೃಹಸಾಲ ತೆಗೆದವರು ಬ್ಯಾಂಕಿನ ಕಾಗದಗಳನ್ನು ಒಮ್ಮೆ ತೆಗೆದು ನೋಡಿ. ಎಷ್ಟೋ ಜನರಿಗೆ ವಿಮೆ ಇರುವುದೇ ಗೊತ್ತಿರುವುದಿಲ್ಲ.

ಹಾನಿಯಾದ ಕೂಡಲೇ ಕಂಪನಿಗೆ ತಿಳಿಸಿ. ಸರ್ವೇಯರ್ ಬರುವ ತನಕ ಪೂರ್ತಿ ರಿಪೇರಿ ಬೇಡ, ಆದರೆ ಟರ್ಪಾಲ್ ಕಟ್ಟದೆ ಕೂರಲೂಬೇಡಿ. ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ. ಟರ್ಪಾಲಿನ ಬಿಲ್ಲೂ ಇಟ್ಟುಕೊಳ್ಳಿ. ಕ್ಲೇಮು ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಆಗಲೂ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು, ಅಲ್ಲಿ ಶುಲ್ಕವಿಲ್ಲ.

ಪಕ್ಕದವರ ಮರ ನಮ್ಮ ಮಾಡಿಗೆ ವಾಲಿದೆ. ಕಡಿಸಬಹುದೇ?

ನೀವೇ ಹೋಗಿ ಕಡಿಯಬೇಡಿ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಬಹಳ ಜಾತಿಯ ಮರಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮೊದಲು ಪಕ್ಕದವರ ಹತ್ತಿರ ಕೂತು ಮಾತಾಡಿ. ಕೂಲಿ ಅರ್ಧ ನಾವು ಕೊಡುತ್ತೇವೆ ಅಂದರೆ ಬಹಳ ಸಲ ಕೆಲಸ ಆಗುತ್ತದೆ. ಒಪ್ಪದಿದ್ದರೆ ಪಂಚಾಯಿತಿಗೂ ಅರಣ್ಯ ಇಲಾಖೆಗೂ ಫೋಟೋ ಸಮೇತ ಬರೆದುಕೊಡಿ.

ಕೆಲಸದವರು ಮುಂಗಡ ಕೇಳುತ್ತಿದ್ದಾರೆ. ಎಷ್ಟು ಕೊಡಬೇಕು?

ಸಾಮಾನನ್ನು ನೀವೇ ತಂದುಕೊಡಿ, ಕೂಲಿಯನ್ನು ಕೆಲಸ ಆದಂತೆ ಕೊಡಿ. ಹೆಂಚಿನ ಕೆಲಸ ದಿನಗೂಲಿಗೆ ಕೊಡುವುದು ಒಳ್ಳೆಯದು. ಗುತ್ತಿಗೆಗೆ ಕೊಟ್ಟರೆ ಕುಂಬಾದ ರೀಪು ನೋಡಲು ಅವರಿಗೆ ಪುರುಸೊತ್ತು ಇರುವುದಿಲ್ಲ. ಶೀಟಿನ ಕೆಲಸವನ್ನು ಚದರ ಅಡಿ ಲೆಕ್ಕಕ್ಕೆ ಕೊಡುವಾಗ ಶೀಟಿನ ದಪ್ಪ, ಪೈಪಿನ ದಪ್ಪ, ಅಡ್ಡೆಗಳ ಅಂತರ ಮೂರನ್ನೂ ಕಾಗದದಲ್ಲಿ ಬರೆಸಿ. ಮಾಡು ಹತ್ತುವವರಿಗೆ ಹಗ್ಗ, ಗಟ್ಟಿ ಏಣಿ ಒದಗಿಸುವುದಂತೂ ನಮ್ಮ ಕೆಲಸವೇ. ಅವರ ಮನೆಯಲ್ಲೂ ಸಂಜೆಗೆ ಕಾಯುವವರಿರುತ್ತಾರೆ, ಅಲ್ವಾ?

ಯಾವ ತಿಂಗಳಲ್ಲಿ ಮಾಡಿಸುವುದು ಒಳ್ಳೆಯದು?

ಫೆಬ್ರುವರಿ, ಮಾರ್ಚ್. ತಡವೆಂದರೆ ಏಪ್ರಿಲ್ ಹದಿನೈದು. ಮುಂಗಾರು ಕರಾವಳಿಗೆ ಬರುವುದು ಜೂನ್ ಮೊದಲ ವಾರದ ಹೊತ್ತಿಗೆ ಎಂದು ಮೇ ಕೊನೆಗೆ ಇಟ್ಟುಕೊಳ್ಳಬೇಡಿ. ಮಾಡು ಹಾರಿಸುವ ಗಾಳಿ ಬರುವುದೇ ಏಪ್ರಿಲ್, ಮೇ ತಿಂಗಳ ಸಂಜೆ ಮಳೆಯಲ್ಲಿ. 2021ರಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಗಿದ್ದು ಮೇ ನಡುವಿನಲ್ಲಿ. ಆ ಹೊತ್ತಿಗೆ ಆಚಾರ್ರೂ ಸಿಗುವುದಿಲ್ಲ, ಎಲ್ಲರ ಮನೆಯಲ್ಲೂ ಅದೇ ಕೆಲಸ.

ಗಾಳಿ ಈಗ ಬೀಸುತ್ತಿದೆ. ಈಗ ಏನು ಮಾಡಲಿ?

ಕಿಟಕಿ, ಬಾಗಿಲು ಎಲ್ಲ ಹಾಕಿ, ಗಾಳಿ ಬರುವ ದಿಕ್ಕಿನದ್ದನ್ನು ಮೊದಲು. ಅಂಗಳದ ಕುರ್ಚಿ, ತಗಡಿನ ಚೂರು, ಖಾಲಿ ಡ್ರಮ್ಮು ಒಳಗೆ ಬರಲಿ. ಗಾಳಿ ಜೋರಾಗಿಬಿಟ್ಟಿದ್ದರೆ ಅದಕ್ಕೂ ಹೊರಗೆ ಹೋಗಬೇಡಿ. ಶೀಟು ಹಿಡಿದುಕೊಳ್ಳಲು ಹಗ್ಗ ಹಿಡಿದು ಓಡುವವರಿದ್ದಾರೆ, ದಯವಿಟ್ಟು ಬೇಡ. ಹಾರುವ ಶೀಟು ಕತ್ತಿಯ ಹಾಗೆ ಕತ್ತರಿಸುತ್ತದೆ. ದೊಡ್ಡ ಮರ ಇರುವ ಬದಿಯ ಕೋಣೆ ಬಿಟ್ಟು, ಮನೆಯ ನಡುವಿನ ಕೋಣೆಗೆ ಎಲ್ಲರೂ ಬನ್ನಿ. ವಯಸ್ಸಾದವರನ್ನು ಮೊದಲು ಕರೆತನ್ನಿ. ಟಾರ್ಚ್, ಫೋನು, ಔಷಧಿ ಕೈಗೆ ಸಿಗುವಂತಿರಲಿ. ಯಾರಿಗಾದರೂ ಪೆಟ್ಟಾದರೆ 112.